ಕಾರ್ ಶೆಡ್ ತುಂಬಾ ಮೂಟೆ, ಕಾರು ರಸ್ತೆಯಲ್ಲಿ. ಮಳೆಗಾಲಕ್ಕೆ ಮುಂಚೆ ಏನು ಮಾಡಬಹುದು?

ಕಾಫಿಸೀಮೆ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿಕ್ಕಮಗಳೂರು ಪೇಟೆಯಲ್ಲಿ, ತೋಟ ಆಲ್ದೂರು ಕಡೆ. ಮನೆ ಪಕ್ಕಕ್ಕೇ ಒಂದು ಕಾರ್ ಶೆಡ್ ಇದೆ. 11 ಅಡಿ ಅಗಲ, 20 ಅಡಿ ಉದ್ದ. ಮುಂದೆ ರೋಲಿಂಗ್ ಶಟರ್, ಮೂರು ಕಡೆ ಗೋಡೆ, ಮೇಲೆ ಶೀಟು. ಕಿಟಕಿ ಇಲ್ಲ. ಕಟ್ಟಿಸಿದ್ದು ಕಾರಿಗೆ ಅಂತ, ಆದರೆ ಕಾರು ಒಳಗೆ ಹೋಗಿ ಎಷ್ಟು ವರ್ಷ ಆಯಿತೋ ದೇವರಿಗೇ ಗೊತ್ತು.

ಒಳಗೆ ಏನೇನಿದೆ ಕೇಳಿ. ಮಾವನವರ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಮೂಟೆಗಳು (ರೇಟು ಇನ್ನೂ ಏರುತ್ತದೆ ಅಂತ ಕಾಯುತ್ತಿದ್ದಾರೆ, ಪ್ರತಿ ವರ್ಷವೂ ಇದೇ ಕಥೆ), ಒಂದಷ್ಟು ಮೆಣಸು, ಯೂರಿಯಾ, ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ, ವೀಡ್ ಕಟ್ಟರ್, ಅದರ ಪೆಟ್ರೋಲ್ ಕ್ಯಾನು, ಮನೆ ಕಟ್ಟಿದಾಗ ಉಳಿದ ಟೈಲ್ಸು, ಬಾಯಿ ಬಿಚ್ಚಿದ ಸಿಮೆಂಟ್ ಚೀಲ, ಮಕ್ಕಳ ಹಳೇ ಸೈಕಲ್ಲು, ಇನ್ವರ್ಟರ್ ಬ್ಯಾಟರಿ, ಕೆಟ್ಟುಹೋದ ಗ್ರೈಂಡರು. ಗ್ರೈಂಡರ್ ಯಾಕೆ ಇಟ್ಟಿದ್ದೀರಿ ಅಂತ ಕೇಳಿದರೆ ಕಲ್ಲು ಚೆನ್ನಾಗಿದೆ ಅನ್ನುತ್ತಾರೆ ಅತ್ತೆ.

ನನಗೆ ಬೇಕಿರುವುದು ಎರಡೇ. ಕಾರು ಒಳಗೆ ನಿಲ್ಲಬೇಕು. ಹಿಂದಿನ ಮೂಲೆಯಲ್ಲಿ ನನ್ನ ಹೊಲಿಗೆ ಮಷೀನು ಇಟ್ಟುಕೊಳ್ಳಲು ಜಾಗ ಬೇಕು. ಬ್ಲೌಸ್ ಆರ್ಡರ್ ಬರುತ್ತಿವೆ, ಹಾಲ್‌ನಲ್ಲಿ ಹೊಲಿದರೆ ಮನೆಯೆಲ್ಲ ನೂಲು, ಬಟ್ಟೆ ಚೂರು. ನಮ್ಮ ಯಜಮಾನರು ಆನ್‌ಲೈನ್‌ನಲ್ಲಿ ಐದು ಹಂತದ ಕಬ್ಬಿಣದ ರ‍್ಯಾಕ್ ನೋಡಿಟ್ಟಿದ್ದಾರೆ, ಎರಡು ತರಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಹೋಗುತ್ತದಾ? ಮಳೆಗಾಲದಲ್ಲಿ ಒಳಗೆಲ್ಲ ಬೂಷ್ಟು ವಾಸನೆ ಬೇರೆ. ಹೋದ ವರ್ಷ ಇಲಿ ಕಾರಿನ ವೈರು ಕಡಿದು ಹಾಕಿತು. ಅನುಭವ ಇರುವವರು ಹೇಳಿ.

ಮೂಡಿಗೆರೆ ಮಳೆ:

ರ‍್ಯಾಕ್ ಆರ್ಡರ್ ಮಾಡಬೇಡಿ, ಸ್ವಲ್ಪ ತಡೆಯಿರಿ. ಎಲ್ಲರೂ ಮಾಡುವುದು ಇದನ್ನೇ. ಸಾಮಾನು ಜಾಸ್ತಿಯಾಯಿತು, ರ‍್ಯಾಕ್ ತರೋಣ. ರ‍್ಯಾಕ್ ಬಂದ ಮೇಲೆ ಸಾಮಾನು ಇನ್ನೂ ಜಾಸ್ತಿಯಾಗುತ್ತದೆ, ಥಂಡಿ ಮಾತ್ರ ಹಾಗೇ ಇರುತ್ತದೆ, ಎರಡು ಮಳೆಗಾಲಕ್ಕೆ ರ‍್ಯಾಕಿನ ಕಾಲು ತುಕ್ಕು ಹಿಡಿದು ನೆಲದ ಮೇಲೆ ಕೆಂಪು ಉಂಗುರ ಬೀಳುತ್ತದೆ.

ಮೊದಲು ತೇವ ಎಲ್ಲಿಂದ ಬರುತ್ತಿದೆ ಅಂತ ಕಂಡುಹಿಡಿಯಿರಿ. ಖರ್ಚಿಲ್ಲದ ಕೆಲಸ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ನೆಲ ಚೆನ್ನಾಗಿ ಗುಡಿಸಿ, ಹಾಳೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಒತ್ತಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಅಡಿಯಲ್ಲಿ ನೀರಿನ ಹನಿ ಕಂಡರೆ, ಇಲ್ಲಾ ಸಿಮೆಂಟ್ ನೆಲ ಅಷ್ಟು ಜಾಗದಲ್ಲಿ ಕಪ್ಪಾಗಿದ್ದರೆ, ತೇವ ಭೂಮಿಯಿಂದ ಮೇಲೆ ಬರುತ್ತಿದೆ. ಹಾಳೆಯ ಮೇಲೆ ಹನಿ ಕಂಡರೆ ಗಾಳಿಯದ್ದು. ಎರಡಕ್ಕೂ ಔಷಧಿ ಬೇರೆ ಬೇರೆ. ಹಿಂದುಗಡೆ ಒಂದು, ಮಧ್ಯೆ ಒಂದು, ಶಟರ್ ಹತ್ತಿರ ಒಂದು ಹಾಕಿ ನೋಡಿ.

ಆಮೇಲೆ ವಾಸನೆ. ಇದನ್ನು ಮಾವನವರಿಗೆ ಓದಿ ಹೇಳಿ. ಕಾಫಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಪೆಟ್ರೋಲು, ಗೊಬ್ಬರ, ಕೀಟನಾಶಕ ಇರುವ ಕೋಣೆಯಲ್ಲಿ ಮೂಟೆ ಇಟ್ಟು ತಿಂಗಳುಗಟ್ಟಲೆ ರೇಟಿಗೆ ಕಾದರೆ, ಏರಿದ ರೇಟು ಕ್ವಾಲಿಟಿಯಲ್ಲಿ ಇಳಿದುಹೋಗುತ್ತದೆ. ಇನ್ನೊಂದು, ಗೋಣಿಚೀಲ ಉಸಿರಾಡುತ್ತದೆ. ಈಗ ಕಣದಲ್ಲಿ ಎಷ್ಟೇ ಚೆನ್ನಾಗಿ ಒಣಗಿಸಿದ್ದರೂ ಜುಲೈ ಗಾಳಿಗೆ ಚೆರ್ರಿ ಮತ್ತೆ ತೇವ ಎಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಕಾಯಲೇಬೇಕು ಅಂತಿದ್ದರೆ ಕಾಫಿ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಡುವ ಬಗ್ಗೆ ವಿಚಾರಿಸಲಿ, ಅಥವಾ ತೋಟದ ಗೋಡೌನ್‌ನಲ್ಲಿ ಇಡಲಿ. ಕಾರ್ ಶೆಡ್‌ನಲ್ಲಿ ಕಾರು ಮತ್ತು ಕಾಫಿ ಎರಡೂ ಇರುವ ಹಾಗಿಲ್ಲ. ಯಾವುದಾದರೂ ಒಂದು.

ಮೈಲುತುತ್ತ ಇದೆ ಅಂದಿರಲ್ಲ, ಅದಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡುವಾಗ ಕತ್ತಿ ಅದ್ದಿ ನೋಡುತ್ತಾರಲ್ಲ, ಸುಣ್ಣ ಕಡಿಮೆಯಾಗಿದ್ದರೆ ಕತ್ತಿ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತೇವಕ್ಕೆ ಕರಗಿದ ಮೈಲುತುತ್ತ ನಿಮ್ಮ ಹೊಸ ರ‍್ಯಾಕಿಗೂ ಅದನ್ನೇ ಮಾಡುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ತೋಟಕ್ಕೆ ಕಳಿಸಿ. ಹೇಗಿದ್ದರೂ ಮಳೆ ಹಿಡಿಯುವ ಮುಂಚೆ ಮೆಣಸಿಗೆ ಹೊಡೆಯಬೇಕಲ್ಲ, ಪೇಟೆ ಮನೆಯಲ್ಲಿ ಅದಕ್ಕೇನು ಕೆಲಸ. ಸುಣ್ಣವೂ ಜೊತೆಗೇ ಹೋಗಲಿ, ಇನ್ನೂ ಅರಳಿಸದ ಸುಟ್ಟ ಸುಣ್ಣ ಆಗಿದ್ದರೆ ನೀರು ತಾಗಿದ ಕೂಡಲೇ ಕುದಿಯುತ್ತದೆ.

ಗಿರಿ ಬುಲೆಟ್:

ಇಷ್ಟೆಲ್ಲ ಯಾಕೆ? ಒಳಗೆ ಮಂಚ ಹಾಕಿ, ಹೊರಗೆ ಹೋಂಸ್ಟೇ ಅಂತ ಬೋರ್ಡ್ ಹಾಕಿ. ಬೆಂಗಳೂರಿನವರು ಬೂಷ್ಟು ವಾಸನೆಯನ್ನೂ ಮಲೆನಾಡಿನ ಪರಿಮಳ ಅಂತ ದುಡ್ಡು ಕೊಟ್ಟು ಕುಡಿದು ಹೋಗುತ್ತಾರೆ 😄

ಕಾಫಿಸೀಮೆ ಸೊಸೆ:

@ಗಿರಿ ಬುಲೆಟ್ ಇದನ್ನು ನಮ್ಮ ಮಾವನಿಗೆ ತೋರಿಸುವುದಿಲ್ಲ, ನಿಜಾನೇ ಮಾಡಿಬಿಡುತ್ತಾರೆ.

@ಮೂಡಿಗೆರೆ ಮಳೆ ಪ್ಲಾಸ್ಟಿಕ್ ಹಾಳೆ ಇವತ್ತೇ ಹಾಕುತ್ತೇನೆ. ಕಾಫಿ ವಿಷಯ ಯಜಮಾನರ ಬಾಯಲ್ಲಿ ಹೇಳಿಸುತ್ತೇನೆ, ನಾನು ಹೇಳಿದರೆ ನಡೆಯುವುದಿಲ್ಲ.

ಹಾಸನದ ವೈರ್‌ಮನ್:

ನಾನು ಹಾಸನದವನು, ನಮ್ಮಲ್ಲಿ ಥಂಡಿ ಅಷ್ಟಿಲ್ಲ, ಧೂಳು ಜಾಸ್ತಿ. ಆದರೆ ನಿಮ್ಮ ಪಟ್ಟಿ ಓದಿ ನನಗೆ ಎದೆ ಝಲ್ ಅಂದಿತು. ಪೆಟ್ರೋಲ್ ಕ್ಯಾನು, ಇನ್ವರ್ಟರ್ ಬ್ಯಾಟರಿ, ಹೊಲಿಗೆ ಮಷೀನು, ಮೂರೂ ಕಿಟಕಿ ಇಲ್ಲದ ಒಂದೇ ರೂಮಿನಲ್ಲಾ?

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೇ ಹರಡಿಕೊಂಡು ಕೂರುತ್ತದೆ. ಕ್ಯಾನಿನ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಸಾಕು. ಈಗ ನಿಮ್ಮ ಹೊಲಿಗೆ ಮಷೀನ್ ನೋಡಿ. ಪಕ್ಕಕ್ಕೆ ಕಟ್ಟಿದ ಸಣ್ಣ ಮೋಟರ್ ಇದ್ದರೆ ಅದರ ಒಳಗೆ ಕಾರ್ಬನ್ ಬ್ರಷ್ ಇರುತ್ತದೆ, ತಿರುಗುವಾಗ ನೀಲಿ ಕಿಡಿ ಕಾಣುತ್ತದೆ, ಕತ್ತಲಲ್ಲಿ ಬೇಕಾದರೆ ನೋಡಿ. ಕಾಲಲ್ಲಿ ಒತ್ತುವ ಪೆಡಲ್ ಎಲ್ಲಿರುತ್ತದೆ? ನೆಲದ ಮೇಲೆ. ಆವಿ ಕೂತಿರುವುದೂ ಅಲ್ಲೇ. ಪೆಟ್ರೋಲ್ ಕ್ಯಾನು ಇವತ್ತೇ ಹೊರಗೆ ಹೋಗಲಿ. ಎಂಜಿನ್ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಆದರೂ ಅಷ್ಟೇ. ವೀಡ್ ಕಟ್ಟರಿನ ಟ್ಯಾಂಕನ್ನೂ ಖಾಲಿ ಮಾಡಿಸಿ.

ಬ್ಯಾಟರಿ ಇದಕ್ಕೆ ಉಲ್ಟಾ. ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದು ಹಗುರ, ಸೂರಿನ ಕೆಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಶೆಡ್ಡಿಗೆ ಕೆಳಗೊಂದು, ಮೇಲೊಂದು ಜಾಲಂದ್ರ ಬೇಕೇ ಬೇಕು, ಎದುರುಬದುರು ಗೋಡೆಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಒಳಗಿನಿಂದ ಅರ್ಧ ಇಂಚಿನ ವೆಲ್ಡ್ ಮೆಷ್ ಬಡಿಸಿ, ಇಲಿ ನುಗ್ಗದ ಹಾಗೆ. ಕೋಳಿಗೂಡಿಗೆ ಹಾಕುವ ತೆಳು ಜಾಲರಿ ಬೇಡ, ಇಲಿ ಅದನ್ನು ಕಡಿದು ಬರುತ್ತದೆ.

ಮಷೀನಿಗೆ ಬೇರೆ ಲೈನ್ ಎಳೆಸಿ. ಮನೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಶಟರ್ ಕೆಳಗೆ ವೈರ್ ತೂರಿಸುವ ಕೆಲಸ ಮಾತ್ರ ಮಾಡಬೇಡಿ. ಅರ್ಥಿಂಗ್ ಸರಿ ಇರಲಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ತೇವದ ನೆಲದಲ್ಲಿ ಕಾಲಿಟ್ಟು ಕಬ್ಬಿಣದ ಮಷೀನ್ ಮುಟ್ಟುವವರಿಗೆ ಅದು ಬೇಕು. ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುವ ಯೋಚನೆ ಇದ್ದರೆ ಈಗಲೇ ಒಂದು 16 ಆಂಪಿಯರ್ ಸಾಕೆಟ್ ಹಾಕಿಸಿಬಿಡಿ, ಆಮೇಲೆ ಗೋಡೆ ಮತ್ತೆ ಕೊರೆಯುವುದು ತಪ್ಪುತ್ತದೆ. ಮೀಟರ್ ಬಗ್ಗೆ ಒಂದು ಮಾತು. ಮನೆ ಮಂದಿಯ ಬಟ್ಟೆ ಹೊಲಿಯುವುದು ಬೇರೆ, ಬೋರ್ಡ್ ಹಾಕಿ ಅಂಗಡಿ ನಡೆಸುವುದು ಬೇರೆ, ವ್ಯಾಪಾರಕ್ಕೆ ವಿದ್ಯುತ್ ದರವೇ ಬೇರೆ. ನಮಗಿಲ್ಲಿ ಸೆಸ್ಕ್, ನಿಮಗೆ ಮೆಸ್ಕಾಂ. ಆರ್ಡರ್ ಜಾಸ್ತಿಯಾದರೆ ಅಲ್ಲಿ ಒಂದು ಸಲ ಕೇಳಿಕೊಳ್ಳಿ.

ಅಂದ ಹಾಗೆ ಶೀಟು ಯಾವುದು? ಜಿಂಕ್ ಶೀಟಾ, ಕಲ್ನಾರಾ?

ಸಕಲೇಶಪುರ ಘಾಟಿ:

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ, ಬೇಜಾರಾಗಬೇಡಿ. ಕಾರು ಒಳಗೆ ಯಾಕೆ ಬೇಕು? ಮಳೆಯಲ್ಲಿ ನೆಂದು ಬಂದ ಕಾರನ್ನು ಕಿಟಕಿ ಇಲ್ಲದ ಶೆಡ್ಡಿಗೆ ನುಗ್ಗಿಸಿ ಶಟರ್ ಎಳೆದರೆ ರಾತ್ರಿಯೆಲ್ಲ ಅದರ ನೀರು ಒಳಗೇ ಆವಿಯಾಗಿ ಒಳಗೇ ಕೂರುತ್ತದೆ. ಗಾಳಿ ಆಡುವ ಕಡೆ ನಿಂತ ಕಾರಿಗಿಂತ ಬೇಗ ಇದಕ್ಕೇ ತುಕ್ಕು ಹಿಡಿಯುತ್ತದೆ. ನಿಮ್ಮ ಮೂಟೆಗೂ ಬಟ್ಟೆಗೂ ಬೂಷ್ಟು ಫ್ರೀ. ನಾವು ಶೆಡ್ಡನ್ನು ಪೂರ್ತಿ ಕೆಲಸದ ರೂಮ್ ಮಾಡಿಕೊಂಡೆವು, ಕಾರಿಗೆ ಮುಂದಿನ ಅಂಗಳದಲ್ಲಿ ನಾಲ್ಕು ಪೈಪ್ ನೆಟ್ಟು ಮೇಲೆ ಶೀಟ್ ಹಾಕಿಸಿದೆವು. ಯಾವ ಬಾಗಿಲೂ ಇಲ್ಲ. ಕಾರು ಚೆನ್ನಾಗೇ ಇದೆ.

ಮೂಡಿಗೆರೆ ಮಳೆ:

@ಸಕಲೇಶಪುರ ಘಾಟಿ ತುಕ್ಕಿನ ಮಾತು ಸರಿ. ಆದರೆ ಅವರ ಮನೆ ಪೇಟೆಯಲ್ಲಿದೆ, ಅಂಗಳ ಎಲ್ಲಿಂದ ತರುತ್ತಾರೆ? ಇರುವುದನ್ನು ಸರಿಮಾಡಬೇಕು. ಶಟರ್ ಪೂರ್ತಿ ತಗಡಿನದಾಗಿದ್ದರೆ ಮೇಲಿನ ಅರ್ಧ ತೂತು ಇರುವ ಪಟ್ಟಿಗೆ ಬದಲಾಯಿಸಿಕೊಡುತ್ತಾರೆ. ಜಾಲಂದ್ರ ಇದ್ದರೆ ಗಾಳಿ ಆಡುತ್ತದೆ. ಮತ್ತೆ ಚಿಕ್ಕಮಗಳೂರು ಪೇಟೆ ಮಳೆಗೂ ನಮ್ಮ ಮೂಡಿಗೆರೆ, ನಿಮ್ಮ ಸಕಲೇಶಪುರದ ಮಳೆಗೂ ಅಜಗಜಾಂತರ. ಅಲ್ಲಿ ನಡುನಡುವೆ ಬಿಸಿಲು ಬರುತ್ತದೆ, ಆವಾಗ ಶಟರ್ ಎತ್ತಿಟ್ಟರೆ ಆಯಿತು.

ಅಳತೆಪಟ್ಟಿ:

ಯಾರೂ ಟೇಪ್ ಹಿಡಿಯಲೇ ಇಲ್ಲ, ಸುಮ್ನೆ ಮಾತಾಡುತ್ತಿದ್ದೀರಿ. ಲೆಕ್ಕ ನೋಡಿ.

ನಿಮ್ಮದು ಯಾವ ಕಾರು ಅಂತ ಹೇಳಿಲ್ಲ. ನಮ್ಮ ದೇಶದ ಸಣ್ಣ ಕಾರುಗಳೆಲ್ಲ 4 ಮೀಟರ್ ಒಳಗೇ ಇರುತ್ತವೆ, 2006ರ ಬಜೆಟ್‌ನಲ್ಲಿ ಅಷ್ಟು ಉದ್ದದೊಳಗಿನ ಕಾರಿಗೆ ತೆರಿಗೆ ಇಳಿಸಿದ ಮೇಲೆ ಕಂಪನಿಯವರು ಬಾಲ ಕತ್ತರಿಸಿಯಾದರೂ ಅದರೊಳಗೆ ತೂರಿಸುತ್ತಾರೆ. 4 ಮೀಟರ್ ಅಂದರೆ 13 ಅಡಿ ಚಿಲ್ಲರೆ. ನಿಮ್ಮ ಶೆಡ್ 20 ಅಡಿ. ಹಿಂದೆ ಆರೂವರೆ ಅಡಿ ಮೇಲೆ ಉಳಿಯಿತು, ಶಟರ್ ಹತ್ತಿರ ಅರ್ಧ ಅಡಿ ಬಿಟ್ಟರೂ 6 ಅಡಿ. ಹೊಲಿಗೆ ಮಷೀನಿಗೆ, ಕುರ್ಚಿಗೆ, ಬಟ್ಟೆ ಕತ್ತರಿಸುವ ಮಡಚೋ ಟೇಬಲಿಗೆ ಧಾರಾಳ. ದೊಡ್ಡ ಗಾಡಿ ಆಗಿದ್ದರೆ ಮಾತ್ರ ಈ ಲೆಕ್ಕ ಹೋಯಿತು.

ಅಗಲ 11 ಅಡಿ. ಕಾರು ಐದೂವರೆ ಅಡಿ ಆಸುಪಾಸು. ಎಲ್ಲರೂ ಕಾರನ್ನು ಸರಿಯಾಗಿ ಮಧ್ಯೆ ನಿಲ್ಲಿಸುತ್ತಾರೆ, ಅಲ್ಲೇ ಜಾಗ ಹಾಳು. ಎರಡೂ ಕಡೆ ಪ್ರಯೋಜನವಿಲ್ಲದ ಸಂದಿ. ಪಕ್ಕದ ಸೀಟಿನವರು ಹೊರಗೇ ಇಳಿಯಲಿ. ಕಾರನ್ನು ರಿವರ್ಸ್ ಒಳಗೆ ತಂದು, ಅದರ ಎಡಕ್ಕೆ ಬರುವ ಗೋಡೆಗೆ ಒಂದಡಿ ಬಿಟ್ಟು ಒತ್ತಿ ನಿಲ್ಲಿಸಿ, ಎಡಗಡೆ ಕನ್ನಡಿ ಮಡಚಿ. ಬಲಕ್ಕೆ ನಾಲ್ಕಡಿ ಮೇಲೆ ಸಿಗುತ್ತದೆ. ಡ್ರೈವರ್ ಬಾಗಿಲು ತೆಗೆದು ಇಳಿಯಲು ಎರಡೂವರೆ ಅಡಿ ಸಾಕು. ಅಂದರೆ ಬಲಗೋಡೆ ಉದ್ದಕ್ಕೂ ಒಂದಡಿ ಆಳದ ಹಲಗೆ ಹೊಡೆಯಬಹುದು. ಒಂದಡಿ ಮಾತ್ರ, ಒಂದೂವರೆ ಆಸೆಪಡಬೇಡಿ. ಆಳ ಜಾಸ್ತಿಯಾದರೆ ಹಿಂದಿಟ್ಟ ಡಬ್ಬಿ ಯಾರಿಗೂ ಕಾಣುವುದಿಲ್ಲ, ಮುಂದೆ ಇನ್ನೊಂದು ಡಬ್ಬಿ ಬಂದು ಕೂರುತ್ತದೆ.

ಕೆಳಗಿನ ಹಲಗೆ ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಪೊರಕೆ ಆಡಬೇಕು. ನೆಲದ ಮೇಲೆ ಕಾರಿನ ಚಕ್ರ, ನಿಮ್ಮ ಕುರ್ಚಿ ಬಿಟ್ಟರೆ ಏನೂ ಮುಟ್ಟಬಾರದು. ಸೈಕಲ್ಲನ್ನು ಗೋಡೆಗೆ ಕೊಕ್ಕೆ ಹೊಡೆದು ಮುಂದಿನ ಚಕ್ರದಲ್ಲಿ ನೇತುಹಾಕಿ, ಮಕ್ಕಳು ಯಾರೂ ಓಡಿಸುತ್ತಿಲ್ಲವಾದರೆ ಯಾರಿಗಾದರೂ ಕೊಟ್ಟುಬಿಡಿ. ಕಾರಿನ ಹಿಂದಿನ ಚಕ್ರ ನಿಲ್ಲುವ ಕಡೆ ಒಂದು ಮರದ ತುಂಡು ನೆಲಕ್ಕೆ ಬೋಲ್ಟ್ ಮಾಡಿಸಿ, ರಿವರ್ಸ್ ಬರುವವರು ಹೊಲಿಗೆ ಮಷೀನಿಗೆ ಗುದ್ದುವುದಿಲ್ಲ.

ಹಲಗೆಗೆ ದುಡ್ಡು ಕೊಡಬೇಡಿ. ತೋಟ ಇದೆ ಅಂದಿರಲ್ಲ, ನೆರಳಿಗೆ ಹಾಕಿದ ಸಿಲ್ವರ್ ಓಕ್ ಮರ ಬಿದ್ದಿದ್ದರೆ ಅದನ್ನೇ ಸಾಮಿಲ್‌ನಲ್ಲಿ ಕುಯ್ಯಿಸಿ. ಗೆದ್ದಲಿಗೆ ಗೇರೆಣ್ಣೆ ಹೊಡೆಯಿರಿ, ಗೋಡೆಗೆ ತಾಗುವ ಅಂಚಿಗೆ ಎರಡು ಕೈ ಜಾಸ್ತಿ. ಗ್ಲೌಸ್ ಹಾಕಿಕೊಂಡೇ ಹಚ್ಚಿ, ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ಒಣಗುವ ತನಕ ಹೊರಗೆ ಬಿಸಿಲಿಗಿಟ್ಟು ಆಮೇಲೆ ಒಳಗೆ ತನ್ನಿ, ಇಲ್ಲದಿದ್ದರೆ ಬ್ಲೌಸ್ ಪೀಸಿಗೆಲ್ಲ ಕಲೆ.

ಬಾಯಿ ಬಿಚ್ಚಿದ ಸಿಮೆಂಟ್ ಚೀಲ ಎಸೆಯಿರಿ. ಬಿಗಿಯಾಗಿ ಕಟ್ಟಿಟ್ಟ ಸಿಮೆಂಟೇ ಮೂರು ತಿಂಗಳಾದರೆ ಕಸುವು ಕಳೆದುಕೊಳ್ಳುತ್ತದೆ, ಇದು ಈಗಾಗಲೇ ಕಲ್ಲಾಗಿರುತ್ತದೆ. ಟೈಲ್ಸ್ ಹತ್ತು ಇಟ್ಟುಕೊಳ್ಳಿ, ಒಡೆದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ಗ್ರೈಂಡರ್ ವಿಷಯದಲ್ಲಿ ನಾನು ತಲೆಹಾಕುವುದಿಲ್ಲ.

ಕಾಫಿಸೀಮೆ ಸೊಸೆ:

ಅಬ್ಬಾ, ಎಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಕಾರು ಸಣ್ಣದೇ, 4 ಮೀಟರ್ ಒಳಗೆ. ಲೆಕ್ಕ ಹಾಳೆಯಲ್ಲಿ ಬರೆದು ಯಜಮಾನರಿಗೆ ಕೊಟ್ಟೆ, ಅವರು ಸುಣ್ಣದ ಗೆರೆ ಎಳೆದು ಕಾರು ನಿಲ್ಲುವ ಜಾಗ ಗುರುತು ಮಾಡುತ್ತಿದ್ದಾರೆ. ರ‍್ಯಾಕ್ ಆರ್ಡರ್ ಕ್ಯಾನ್ಸಲ್. ಪೆಟ್ರೋಲ್ ಕ್ಯಾನು ತೋಟಕ್ಕೆ ಹೋಯಿತು, ಮೈಲುತುತ್ತ, ಸುಣ್ಣ, ಯೂರಿಯಾ ಜೀಪಿನಲ್ಲಿ ಜೊತೆಗೇ ಹೋದವು. ಕಾಫಿ ಇನ್ನೂ ಮಾತುಕತೆಯಲ್ಲಿದೆ. ವಾಸನೆ ಎಳೆದುಕೊಳ್ಳುತ್ತದೆ ಅಂದ ಮೇಲೆ ಮಾವ ಒಂದು ಮೂಟೆ ಬಿಚ್ಚಿ ಮೂಸಿ ನೋಡಿದರು, ಏನೂ ಹೇಳಲಿಲ್ಲ, ಆದರೆ ಸಂಜೆ ಯಾರಿಗೋ ಫೋನ್ ಮಾಡಿ ರೇಟು ಕೇಳುತ್ತಿದ್ದರು.

@ವೈರ್‌ಮನ್ ಶೀಟು ಹಳೇ ಕಲ್ನಾರು. ಹಿಂದೆ ಒಂದು ಕಡೆ ಬಿರುಕು ಇದೆ, ಪಾಚಿ ಕಟ್ಟಿದೆ.

ಮೊನ್ನೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂತಲ್ಲ, ಅದರ ಮಾರನೇ ದಿನ ಪ್ಲಾಸ್ಟಿಕ್ ಹಾಳೆ ಹಾಕಿದ್ದೆ. ಶಟರ್ ಹತ್ತಿರದ್ದು ಪೂರ್ತಿ ಒಣ. ಮಧ್ಯೆಯದೂ ಒಣ. ಹಿಂದಿನ ಗೋಡೆ ಹತ್ತಿರದ್ದು ಎತ್ತಿದರೆ ಅಡಿಯಲ್ಲಿ ಬೆವರಿನ ಹಾಗೆ ಹನಿ, ನೆಲ ಚೌಕಾಕಾರಕ್ಕೆ ಕಪ್ಪು. ಅಲ್ಲೇ ನನ್ನ ಮಷೀನ್ ಬರಬೇಕಾಗಿರುವುದು!

ಹಾಸನದ ವೈರ್‌ಮನ್:

ಕಲ್ನಾರು ಅಂದರೆ ಡ್ರಿಲ್ ಮಾಡಿಸಲೇಬೇಡಿ, ಪಾಚಿಯನ್ನು ಒಣ ಬ್ರಷ್ ಹಾಕಿ ಉಜ್ಜಲೂ ಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಲೈಟಿಗೆ ಗೋಡೆಯಿಂದ ಗೋಡೆಗೆ ಒಂದು ಜಿಐ ಪೈಪ್ ಹಾಕಿಸಿ, ಟ್ಯೂಬ್‌ಲೈಟನ್ನು ಅದಕ್ಕೇ ಕಟ್ಟಿ. ಶೀಟು ಬದಲಾಯಿಸುವುದಾದರೆ ನೀರು ಸಿಂಪಡಿಸಿ ಒದ್ದೆ ಮಾಡಿ ಇಡಿಯಾಗೇ ಇಳಿಸಲು ಹೇಳಿ, ಮೇಲಿನಿಂದ ಎಸೆದು ಪುಡಿ ಮಾಡುವ ಹಾಗಿಲ್ಲ, ಮಾಸ್ಕ್ ಬೇಕು. ಜಿಂಕ್ ಶೀಟ್ ಹಾಕಿಸಿದರೆ ಕೆಳಗೆ ಫೋಮ್ ಪದರ ಇರುವುದನ್ನೇ ಹಾಕಿಸಿ, ಬರಿ ತಗಡಾದರೆ ಚಳಿಗಾಲದ ಬೆಳಿಗ್ಗೆ ಒಳಗಡೆಯಿಂದ ಹನಿ ಬೀಳುತ್ತದೆ, ಶೀಟು ಸೋರುತ್ತಿದೆ ಅಂತ ಜನ ಮೇಲೆ ಹತ್ತಿ ತೂತು ಹುಡುಕುತ್ತಾರೆ. ಮತ್ತೆ ಮಷೀನಿನಲ್ಲಿ ಕೂತಿರುವಾಗ ಯಾರೂ ಕಾರನ್ನು ಒಳಗೆ ಸ್ಟಾರ್ಟ್‌ನಲ್ಲಿ ಬಿಡಬಾರದು, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ.

ಗಿರಿ ಬುಲೆಟ್:

ಇಲಿಗೆ ನಾನು ಹೇಳುತ್ತೇನೆ. ಶಟರಿನ ಕೆಳ ಅಂಚಿಗೆ ದಪ್ಪ ರಬ್ಬರ್ ಪಟ್ಟಿ. ಗೋಣಿಚೀಲ ಹಳೇ ಬಟ್ಟೆ ರಾಶಿ ಇಡಬೇಡಿ, ಇಲಿಗೆ ಗೂಡಿನ ಸಾಮಾನು ಅದೇ. ಬಾನೆಟ್ ಒಳಗೆ ಹೊಗೆಸೊಪ್ಪಿನ ಎಲೆ ಇಡುವವರು ಇದ್ದಾರೆ, ನಾನೂ ಇಡುತ್ತೇನೆ, ವಾಸನೆ ಹೋದ ಮೇಲೆ ಬದಲಾಯಿಸಬೇಕು. ಇಲಿ ಬಂದ ಕಡೆ ಹಿಂದೆಯೇ ಹಾವು ಬರುತ್ತದೆ, ಅದು ನೆನಪಿರಲಿ. ಮಷೀನಿನ ಪೆಡಲ್ ಕೆಳಗೆ ಟಾರ್ಚ್ ಬಿಟ್ಟು ನೋಡಿಯೇ ಕೂರಿ.

ಮೂಡಿಗೆರೆ ಮಳೆ:

ಹಿಂದಿನ ಗೋಡೆ ಹತ್ತಿರ ಮಾತ್ರ ಅಡಿಯಿಂದ ಬರುತ್ತಿದೆ ಅಂದರೆ ಒಳಗೆ ವಾಟರ್‌ಪ್ರೂಫ್ ಪೇಂಟ್ ಬಳಿಯಲು ದುಡ್ಡು ಹಾಕಬೇಡಿ. ನೀರು ಹೊರಗಿದೆ, ಪೇಂಟು ಒಳಗಿದೆ, ಒಂದೇ ಮಳೆಗಾಲಕ್ಕೆ ಬೊಬ್ಬೆ ಎದ್ದು ಉದುರುತ್ತದೆ. ಹೊರಗೆ ಹೋಗಿ ನೋಡಿ. ಸೂರಿನ ನೀರು ಎಲ್ಲಿ ಬೀಳುತ್ತದೆ? ಗೋಡೆಯಾಚೆ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಇದೆಯಾ?

ಕಾಫಿಸೀಮೆ ಸೊಸೆ:

ಇದೆ. ಒಂದಡಿ ಎತ್ತರ. ಅಲ್ಲಿ ಅತ್ತೆಯ ಡೇರೆ ಹೂವಿನ ಪಾತಿ 😐 ಗೋಡೆಗೇ ಒರಗಿಸಿ ಮಣ್ಣು ಏರಿಸಿದ್ದಾರೆ. ಸೂರಿನ ನೀರೂ ನೇರ ಅದಕ್ಕೇ, ಗಿಡಕ್ಕೆ ಒಳ್ಳೆಯದು ಅಂತ.

ಮೂಡಿಗೆರೆ ಮಳೆ:

ಸಿಕ್ಕಿತಲ್ಲ ಕಳ್ಳ. ಡೇರೆ ಗೆಡ್ಡೆ ಈಗಿನ್ನೂ ನೆಟ್ಟಿರಲಾರರು, ಮೇ ಕೊನೆ ಜೂನ್ ಹೊತ್ತಿಗಲ್ವಾ ನೆಡುವುದು. ಅಷ್ಟರೊಳಗೆ ಪಾತಿಯನ್ನು ಗೋಡೆಯಿಂದ ಮೂರಡಿ ಆಚೆ ತಳ್ಳಿ. ಗೋಡೆ ಬುಡದಲ್ಲಿ ಒಂದಡಿ ಅಗಲಕ್ಕೆ ಚರಂಡಿ ತೋಡಿಸಿ, ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗೆ ಹೋಗಲಿ, ರಸ್ತೆ ಕಡೆಗೆ ಇಳಿಜಾರು ಕೊಟ್ಟು ದಪ್ಪ ಜಲ್ಲಿ ತುಂಬಿಸಿ. ಸೂರಿಗೆ ದೋಣಿ ಕಟ್ಟಿ ಪೈಪಿನಲ್ಲಿ ನೀರು ಇಳಿಸಿ ಅದೇ ಚರಂಡಿಗೆ ಬಿಡಿ. ಇಬ್ಬರು ಆಳು ಸಾಕು. ಆಮೇಲೆ ಒಂದು ಒಳ್ಳೇ ಮಳೆ ಬೀಳಲಿ, ಅದೇ ಜಾಗದಲ್ಲಿ ಹಾಳೆ ಮತ್ತೆ ಹಾಕಿ, ಒಣಗಿದ್ದರೆ ಮಾತ್ರ ಮಷೀನ್ ಇಳಿಸಿ.

ಅತ್ತೆಯವರಿಗೆ ನೀರಿನ ಕಥೆ ಹೇಳಬೇಡಿ. ಗೋಡೆ ನೆರಳಿಗಿಂತ ಆಚೆ ಬಿಸಿಲು ಜಾಸ್ತಿ, ಹೂವು ದೊಡ್ಡದಾಗುತ್ತದೆ ಅನ್ನಿ. ಸುಳ್ಳೂ ಅಲ್ಲ.

ಕಾಫಿಸೀಮೆ ಸೊಸೆ:

ಹೇಳಿದೆ. ಪಾತಿ ಸರಿಸಲು ಒಪ್ಪಿದರು, ಜಲ್ಲಿ ನಾಳೆ ಬರುತ್ತದೆ. ಹಳೇ ಗ್ರೈಂಡರ್ ಕಲ್ಲನ್ನು ಹೊಸ ಪಾತಿಯ ಮಧ್ಯೆ ಇಡುತ್ತಾರಂತೆ.